ನಲವತ್ತೊಂದು ಕತ್ತರಿಗಳು

"ಈ ಸಾಲು ಬರೆದ ಮಹಾನುಭಾವರು ಯಾರು ಅಂತ ತಿಳ್ಕೋಬಹುದಾ?"

ಕೈಪಿಡಿ ಬರೆಯುವ ಕೆಲಸಕ್ಕೆ ಸೇರಿದ ಮೊದಲ ದಿನ, ಮೊದಲ ಮೀಟಿಂಗು. ಕುರ್ಚಿ ಇನ್ನೂ ಬೆಚ್ಚಗಾಗಿರಲಿಲ್ಲ. ಅಷ್ಟರಲ್ಲೇ ಅವಳು ಎದ್ದು ನಿಂತು ಹೀಗೆ ಕೇಳಿಬಿಟ್ಟಳು!

ಉದ್ದನೆಯ ಮೇಜಿನ ಸುತ್ತ ಕೂತಿದ್ದ ಹನ್ನೊಂದು ಜನರೂ ತಲೆ ಎತ್ತಿದರು. ಗೋಡೆಯ ಪರದೆಯ ಮೇಲೆ ಆ ಕಂಪನಿಯ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿ ತೆರೆದಿತ್ತು. ಭಾಷೆಯ ಜೊತೆಗೇ ಸಿದ್ಧವಾಗಿ ಬರುವ, ಒಂದೊಂದು ಕೆಲಸ ಮಾಡಿಕೊಡುವ ಪುಟ್ಟ ಆಜ್ಞೆಗಳಾದ ಮೆಥಡ್‌ಗಳ ಅಧ್ಯಾಯ ಅದು. ಹುಡುಕುವುದಕ್ಕೊಂದು, ಎಣಿಸುವುದಕ್ಕೊಂದು, ಜೋಡಿಸುವುದಕ್ಕೊಂದು... ಹೀಗೆ ನೂರ ಅರವತ್ತಮೂರು ಮೆಥಡ್‌ಗಳು. ಜೋಡಿಸುವ ಮೆಥಡ್‌ನ ಹೆಸರು 'ಸಾರ್ಟ್'. ಅದರ ಕೆಳಗೆ ಇದ್ದದ್ದು ಒಂದೇ ಒಂದು ಸಾಲು:

'ಪಟ್ಟಿಯನ್ನು ಕ್ರಮವಾಗಿ ಜೋಡಿಸುತ್ತದೆ.'

ಅಷ್ಟೇ. ಅದರ ಕೆಳಗೆ ಬಿಳಿ ಜಾಗ.

"ನಾನೇ."

ಮೇಜಿನ ಆ ತುದಿಯಿಂದ ಉತ್ತರ ಬಂತು. ಮಡಚಿದ ತೋಳಿನ ಶರ್ಟು, ಎರಡು ದಿನದ ಗಡ್ಡ, ನಿದ್ದೆಗೂ ಎಚ್ಚರಕ್ಕೂ ಮಧ್ಯೆ ನಿಂತಂತಿದ್ದ ಕಣ್ಣುಗಳು. ಆ ಮೆಥಡ್‌ಗಳನ್ನೆಲ್ಲ ಒಂಬತ್ತು ವರ್ಷದ ಹಿಂದೆ ಬರೆದ ಎಂಜಿನಿಯರ್ ಅವನೇ.

"ಅದ್ರಲ್ಲಿ ತಪ್ಪೇನಿದೆ?" ಅವನು ಕೇಳಿದ.

"ತಪ್ಪಿಲ್ಲ. ಅದೇ ತೊಂದರೆ! ಕೊಟ್ಟ ಪಟ್ಟಿಯನ್ನೇ ಹಿಂದುಮುಂದು ಮಾಡುತ್ತಾ? ಇಲ್ಲ, ಅದನ್ನ ಹಾಗೇ ಬಿಟ್ಟು ಹೊಸದೊಂದು ಪಟ್ಟಿ ಮಾಡಿಕೊಡುತ್ತಾ?"

"ಕೊಟ್ಟಿದ್ದನ್ನೇ ಬದಲಾಯಿಸುತ್ತೆ."

"ಹಾಗಂತ ಎಲ್ಲಿ ಬರೆದಿದೆ?"

"ಬರೀಬೇಕಾಗಿಲ್ಲ. ಎಲ್ಲರಿಗೂ ಗೊತ್ತು."

"ನನಗೆ ಗೊತ್ತಿರಲಿಲ್ಲ!"

ಅವಳ ದನಿ ಒಡೆಯಿತು. ಕೂಡಲೇ ತುಟಿ ಕಚ್ಚಿಕೊಂಡು ಕೂತಳು. ಕೋಪ ಬಂದರೆ ಅವಳಿಗೆ ಮೊದಲು ಕಣ್ಣಲ್ಲಿ ನೀರು ಬರುತ್ತದೆ, ಆಮೇಲೆ ಮಾತು. ಜನ ಅದನ್ನು ಅಳು ಅಂದುಕೊಳ್ಳುತ್ತಾರೆ. ಪಾಪ, ಅವರಿಗೇನು ಗೊತ್ತು!

'ಎಲ್ಲರಿಗೂ ಗೊತ್ತಂತೆ... ಆ ಎಲ್ಲರಲ್ಲಿ ನಾನು ಯಾವತ್ತೂ ಇರಲೇ ಇಲ್ಲವಲ್ಲ?'

ಮ್ಯಾನೇಜರ್ ಕೆಮ್ಮಿದರು. ಎರಡು ಬೆಂಕಿಯನ್ನು ಒಂದೇ ಒಲೆಗೆ ಹಾಕಿದರೆ ಕೆಲಸ ಬೇಗ ಬೇಯುತ್ತದೆ ಎಂದು ನಂಬಿದ ಮನುಷ್ಯ ಅವರು.

"ಸರಿ ಹಾಗಾದ್ರೆ. ಮೂರು ತಿಂಗಳಿಗೆ ಹೊಸ ಆವೃತ್ತಿ ಬಿಡುಗಡೆ. ಅಷ್ಟರೊಳಗೆ ಈ ಅಧ್ಯಾಯ ಪೂರ್ತಿ ಹೊಸದಾಗ್ಬೇಕು. ಮೇಡಂ ಬರೀತಾರೆ, ನೀವು ತಿದ್ದಿ ಕೊಡಿ. ಇಬ್ಬರೂ ಆ ಕಿಟಕಿ ಪಕ್ಕದ ಮೇಜಲ್ಲಿ ಕೂತ್ಕೊಳ್ಳಿ."

ಅವಳ ಮುಖ ಊದಿಕೊಂಡಿತು. ಅವನದು ಅದೇ ಅರೆನಿದ್ದೆಯ ಮುಖ.

*

ಆಫೀಸಿನಲ್ಲಿ ಅವನಿಗೆ ಇದ್ದ ಹೆಸರು 'ಒಂದ್ಸಾಲು'. ಬರೆದರೆ ಒಂದೇ ಸಾಲು, ಮಾತಾಡಿದರೂ ಒಂದೇ ಸಾಲು. ವಾರ ಕಳೆಯುವುದರೊಳಗೆ ಅವಳಿಗೂ ಒಂದು ಹೆಸರು ಬಿತ್ತು: 'ಉದಾಹರಣೆ ಮೇಡಂ'. ಅವನು ಏನು ಹೇಳಿದರೂ ಅವಳದು ಒಂದೇ ಪ್ರಶ್ನೆ.

"ಈ ಮೆಥಡ್ ಖಾಲಿ ಜಾಗ ತೆಗೆಯುತ್ತೆ."

"ಉದಾಹರಣೆ ಕೊಡಿ."

"ಯಾಕೆ? ಅರ್ಥ ಆಗ್ಲಿಲ್ವಾ?"

"ನನಗೆ ಆಯ್ತು. ನಾಳೆ ಇದನ್ನ ಓದೋನಿಗೆ ನೀವು ಪಕ್ಕದಲ್ಲಿ ಕೂತಿರ್ತೀರಾ?"

ಅವನು ಉಸಿರು ಬಿಟ್ಟು ಒಂದು ಉದಾಹರಣೆ ಬರೆದುಕೊಟ್ಟ. ಅವಳು ಅದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದಳು. ಓಡಲಿಲ್ಲ! ತಾನೇ ಬರೆದ ಮೆಥಡ್‌ಗೆ ತಾನೇ ಕೊಟ್ಟ ಉದಾಹರಣೆ ತಪ್ಪು! ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಅವನ ಕಿವಿ ಕೆಂಪಾಯಿತು. ಆ ದಿನದಿಂದ ಪ್ರತಿ ಉದಾಹರಣೆಯನ್ನೂ ಮೊದಲು ತಾನೇ ಓಡಿಸಿ ಕೊಡತೊಡಗಿದ.

ಅವಳಿಗೆ ಇನ್ನೊಂದು ರೂಢಿಯಿತ್ತು. ಬರೆದ ಪ್ರತಿ ಸಾಲನ್ನೂ ಚಿಕ್ಕಮ್ಮನಿಗೆ ಓದಿ ಹೇಳುವುದು. ಅವ್ವ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ಚಿಕ್ಕಮ್ಮ. ಆಫೀಸಿನ ಹಿಂದಿನ ಬೀದಿಯಲ್ಲೇ ಅವಳ ಟೈಲರ್ ಅಂಗಡಿ. ಕಂಪ್ಯೂಟರಿನ ಗಂಧಗಾಳಿ ಇಲ್ಲದವಳು. ಚಿಕ್ಕಮ್ಮನಿಗೆ ಅರ್ಥವಾದರೆ ಆ ಸಾಲು ಪಾಸು.

ಒಂದು ಮಧ್ಯಾಹ್ನ ಅವಳ ಹಿಂದೆಯೇ 'ಒಂದ್ಸಾಲು' ಕೂಡ ಅಂಗಡಿಗೆ ಬಂದ. ಅವಳು ಸಾರ್ಟ್ ಮೆಥಡ್‌ನ ಹೊಸ ವಿವರಣೆ ಓದುತ್ತಿದ್ದಳು. ಮೂಲದಲ್ಲೇ ಮಾರ್ಪಾಡು, ಪ್ರತಿಯಲ್ಲಿ ಮಾರ್ಪಾಡು, ಏನೇನೋ...

ಚಿಕ್ಕಮ್ಮ ಹೊಲಿಗೆ ಮಿಷನ್ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು.

"ಅಯ್ಯೋ, ಸುತ್ತಿ ಬಳಸಿ ಏನು ಹೇಳ್ತೀಯೇ? ಗಿರಾಕಿ ಬಟ್ಟೆ ಕೊಟ್ಟ. ನೀನು ಆ ಬಟ್ಟೆಗೇ ಕತ್ತರಿ ಹಾಕ್ತೀಯಾ? ಇಲ್ಲ ಅದರ ಅಳತೆ ತಗೊಂಡು ಬೇರೆ ಬಟ್ಟೆಲಿ ಹೊಲಿದು ಕೊಡ್ತೀಯಾ? ಅಷ್ಟು ಹೇಳು. ಕತ್ತರಿ ಹಾಕೋದಾದ್ರೆ ಮೊದಲೇ ಹೇಳಬೇಕಮ್ಮ. ಆಮೇಲೆ ಹೇಳಿ ಏನು ಪ್ರಯೋಜನ?"

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಕತ್ತರಿ!" ಅಂದಳು ಅವಳು.

"ಕತ್ತರಿ," ಅಂದ ಅವನು. ಮೊದಲ ಸಲ ನಕ್ಕ. ಎಡಗೆನ್ನೆಯಲ್ಲಿ ಸಣ್ಣಗೆ ಗುಳಿ ಬಿತ್ತು. ಅವಳು ಬೇಗನೆ ನೂಲಿನ ಉಂಡೆಗಳ ಕಡೆ ನೋಡಿದಳು.

ಅಂದಿನಿಂದ, ಕೊಟ್ಟದ್ದನ್ನೇ ಬದಲಾಯಿಸುವ ಪ್ರತಿ ಮೆಥಡ್‌ನ ತಲೆಯ ಮೇಲೂ ಒಂದು ಪುಟ್ಟ ಕತ್ತರಿ ಚಿತ್ರ. ಪಕ್ಕದಲ್ಲಿ ಒಂದು ಸಾಲು: 'ಎಚ್ಚರ, ಇದು ನೀವು ಕೊಟ್ಟದ್ದನ್ನೇ ಬದಲಾಯಿಸುತ್ತದೆ.' ನೂರ ಅರವತ್ತಮೂರರಲ್ಲಿ ಅಂಥವು ನಲವತ್ತೊಂದು.

ಅವನು ಆಮೇಲೆ ವಾರವಾರವೂ ಅಂಗಡಿಗೆ ಬರತೊಡಗಿದ. ಕೈಯಲ್ಲಿ ಗುಂಡಿ ಕಿತ್ತ ಒಂದು ಶರ್ಟು. ಅವನು ಹೋದ ಮೇಲೆ ಚಿಕ್ಕಮ್ಮ ಶರ್ಟನ್ನು ಬೆಳಕಿಗೆ ಹಿಡಿಯುತ್ತಿದ್ದಳು.

"ಈ ಗುಂಡಿ ತಾನಾಗೇ ಬಿದ್ದಿಲ್ಲ ಕಣೇ. ದಾರದ ತುದಿ ನೋಡು, ಎಷ್ಟು ನೀಟಾಗಿದೆ!"

"ಅಂದ್ರೆ?"

"ಅಂದ್ರೆ ಏನೂ ಇಲ್ಲ. ಓದು, ಮುಂದಿನ ಸಾಲು ಓದು."

*

ಒಂದು ಸಂಜೆ, ಕಿಟಕಿಯ ಬಿಸಿಲು ಮೇಜಿನ ಮೇಲೆ ಉದ್ದಕ್ಕೆ ಬಿದ್ದಿದ್ದಾಗ, ಅವನೇ ಕೇಳಿದ.

"ಮೊದಲ ದಿನ 'ನನಗೆ ಗೊತ್ತಿರಲಿಲ್ಲ' ಅಂದ್ರಲ್ಲ... ಏನಾಗಿತ್ತು?"

ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. ಹೇಳಬೇಕೋ ಬೇಡವೋ... ಹೇಳಿಬಿಟ್ಟಳು.

"ನಾನು ಮೊದಲು ಒಂದು ಕೇಂದ್ರದಲ್ಲಿದ್ದೆ. ಕಿವಿ ಕೇಳದವರಿಗೆ ಶ್ರವಣ ಸಾಧನ ಕೊಡೋ ಕೇಂದ್ರ. ಯಾರು ಮೊದಲು ಬಂದ್ರೋ ಅವರಿಗೆ ಮೊದಲು. ಇನ್ನೂರ ಹನ್ನೆರಡು ಜನರ ಪಟ್ಟಿ. ಬೋರ್ಡಿಗೆ ಹಚ್ಚೋಕೆ ಹೆಸರಿನ ಕ್ರಮದಲ್ಲಿ ಒಂದು ಪಟ್ಟಿ ಬೇಕು ಅಂದ್ರು. ನಿಮ್ಮ ಕೈಪಿಡಿ ನೋಡ್ದೆ, ಸಾರ್ಟ್ ಹಾಕ್ದೆ, ಉಳಿಸ್ದೆ. ಬಂದ ಕ್ರಮ... ಹೋಯ್ತು. ಬೇರೆ ಪ್ರತಿ ಇರ್ಲಿಲ್ಲ."

ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

"ಮೂರನೇ ನಂಬರಲ್ಲಿ ಒಬ್ಬ ಅಜ್ಜಿ ಇದ್ರು. ಹೆಸರು ಕೊನೆಯ ಅಕ್ಷರದ್ದು. ಇನ್ನೂರ ಒಂಬತ್ತಕ್ಕೆ ಹೋದ್ರು. ಕೌಂಟರಿಗೆ ಬಂದು 'ನಂದು ಮೂರನೇದಲ್ವೇನಮ್ಮ?' ಅಂದ್ರು. ಅವರಿಗೆ ಕೇಳ್ಸಲ್ಲ. ಎಲ್ಲರ ಮುಂದೆ ನಾನು ಜೋರಾಗಿ ಕೂಗಿ ಹೇಳ್ಬೇಕಾಯ್ತು, 'ಅಜ್ಜಿ, ಈಗ ನಿಮ್ಮದು ಕೊನೇಲಿದೆ' ಅಂತ. ಎರಡು ಸಲ ಕೂಗ್ದೆ. ಮೂರನೇ ಸಲ ಕೂಗೋಕೆ ಆಗ್ಲಿಲ್ಲ. ಮಾರನೇ ದಿನ ಕೆಲಸ ಬಿಟ್ಟೆ."

ಅವಳು ಕಿಟಕಿಯ ಕಡೆ ತಿರುಗಿ ಮಾತು ಮುಂದುವರಿಸಿದಳು.

"ಆವತ್ತೇ ನಿರ್ಧಾರ ಮಾಡ್ದೆ. ಈ ಭಾಷೆಯ ಕೈಪಿಡಿಯಲ್ಲಿ ಆ ಒಂದು ಸಾಲು ಸೇರಿಸೋವರೆಗೂ ಬಿಡೋದಿಲ್ಲ ಅಂತ. ಅದಕ್ಕೇ ಇದೆಲ್ಲ ಕಲಿತೆ, ಅದಕ್ಕೇ ಇಲ್ಲಿಗೆ ಬಂದೆ."

"ಆ ಸಾಲು ನಂದು," ಅಂದ ಅವನು. ದನಿ ತೀರಾ ಕೆಳಗಿತ್ತು.

ಅವಳಿಗೆ ಅವನ ಕೈ ಹಿಡಿದು 'ಇರಲಿ ಬಿಡಿ' ಅನ್ನಬೇಕೆನಿಸಿತು. ಪೆನ್ನಿನ ಮುಚ್ಚಳವನ್ನೇ ಗಟ್ಟಿಯಾಗಿ ಹಿಡಿದು ಕೂತಳು.

*

ಬಿಡುಗಡೆಗೆ ಇನ್ನು ಹನ್ನೊಂದು ದಿನ ಎನ್ನುವಾಗ ಮ್ಯಾನೇಜರ್ ಎಲ್ಲರನ್ನೂ ಕರೆದರು.

"ಕೈಪಿಡಿ ಚೆನ್ನಾಗಿದೆ. ಆದ್ರೆ ಈ ಕತ್ತರಿಗಳೇನು? ನಲವತ್ತೊಂದು ಕಡೆ ಎಚ್ಚರ, ಎಚ್ಚರ! ಜನ ಹೆದರಿ ಓಡ್ತಾರೆ. ನಮ್ಮ ಭಾಷೇಲೇ ಏನೋ ಐಬಿದೆ ಅಂದ್ಕೋತಾರೆ. ಎಲ್ಲ ತೆಗೀರಿ."

"ತೆಗೆಯಲ್ಲ," ಅಂದಳು ಅವಳು.

"ಏನಂದ್ರಿ?"

"ತೆಗೆಯಲ್ಲ ಸರ್. ಅಲಂಕಾರಕ್ಕೆ ಹಾಕಿದ್ದಲ್ಲ ಅದು. ಜನ ಹೆದರಲಿ! ಹೆದರಿ ಎರಡು ನಿಮಿಷ ಯೋಚನೆ ಮಾಡ್ಲಿ. ನಮ್ಮ ಚೆಂದಕ್ಕೋಸ್ಕರ ಬೇರೆಯವರ ಪಟ್ಟಿ ಹಾಳಾಗೋದು ಬೇಡ."

"ನಿಮ್ಮ ಅಭಿಪ್ರಾಯ ಕೇಳಿಲ್ಲ ನಾನು."

"ಕೇಳಿದ್ರೆ ಇಷ್ಟು ಕಡಿಮೆ ಹೇಳ್ತಿರಲಿಲ್ಲ. ಕತ್ತರಿ ತೆಗೆಯಲೇಬೇಕು ಅಂದ್ರೆ ಮೊದಲು ನನ್ನನ್ನ ತೆಗೀರಿ!"

ಅವಳು ಒಂದ್ಸಾಲಿನ ಕಡೆ ನೋಡಿದಳು. 'ಹೇಳಿ... ಏನಾದ್ರೂ ಹೇಳಿ! ಇವತ್ತಾದ್ರೂ ಬಾಯಿ ಬಿಡಿ...'

ಅವನು ಮೇಜನ್ನು ನೋಡುತ್ತಿದ್ದ. ಅರ್ಧ ಸಾಲೂ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಬಂದು ಕಂಪ್ಯೂಟರ್ ತೆರೆದಳು. ಪರದೆಯ ಮೇಲೆ ಕೈಪಿಡಿಯ ಬದಲಾವಣೆಗಳ ಪಟ್ಟಿ ಬಂತು.

ಯಾರು ಯಾವ ಪುಟದಲ್ಲಿ ಏನು ಬದಲಾಯಿಸಿದರು ಎಂದು ತೋರಿಸುವ ದಾಖಲೆ ಅದು. ಅಳಿಸಿದ್ದು ಕೆಂಪು, ಸೇರಿಸಿದ್ದು ಹಸಿರು. ಪರದೆಯ ಉದ್ದಕ್ಕೂ ಕೆಂಪು! ನಲವತ್ತೊಂದು ಸಾಲು, ನಲವತ್ತೊಂದು ಕತ್ತರಿ, ಒಂದೂ ಬಿಡದೆ ಅಳಿಸಿ ಹಾಕಲಾಗಿತ್ತು. ಪಕ್ಕದಲ್ಲಿ ಅವನ ಹೆಸರು. ಅದರ ಕೆಳಗೆ ಅವನ ಟಿಪ್ಪಣಿ, ಒಂದೇ ಸಾಲು: 'ಈ ಪುಟದಿಂದ ತೆಗೆಯಲಾಗಿದೆ.'

ಅವಳು ನೇರ ಅವನ ಮುಂದೆ ಹೋಗಿ ನಿಂತಳು.

"ಮ್ಯಾನೇಜರೇ ತೆಗೆದಿದ್ರೆ ನೋವಾಗ್ತಿರಲಿಲ್ಲ. ನೀವಾ? ಅಜ್ಜಿ ವಿಷಯ ಗೊತ್ತಿದ್ದೂ ನೀವಾ?"

"ಪೂರ್ತಿ ನೋಡಿ," ಅಂದ ಅವನು. ಕಣ್ಣು ಮ್ಯಾನೇಜರ್ ಕೋಣೆಯ ಗಾಜಿನ ಬಾಗಿಲಿನ ಮೇಲೆ.

"ನೋಡ್ದೆ! ನಲವತ್ತೊಂದನ್ನೂ ಎಣಿಸಿ ನೋಡ್ದೆ! ನಿಮ್ಮಂಥವರ ಹತ್ರ ಮನಸ್ಸು ಬಿಚ್ಚಿದ್ದು ನನ್ನ ತಪ್ಪು."

ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಅಂಗಡಿಯಲ್ಲಿ, ಬಟ್ಟೆಯ ಚೂರುಗಳ ರಾಶಿಯ ಪಕ್ಕ ಕೂತು ಮನಸಾರೆ ಅತ್ತಳು. ಈ ಸಲದ್ದು ನಿಜವಾದ ಅಳು.

"ಎಷ್ಟು ಇಷ್ಟಪಟ್ಟಿದ್ದೆ ಚಿಕ್ಕಮ್ಮ..." ಎಂದಳು ಬಿಕ್ಕುತ್ತಾ. ಹೇಳಿದ ಮೇಲೆ ತಾನೇ ಬೆಚ್ಚಿದಳು.

"ಗೊತ್ತು ಬಿಡು. ಇಡೀ ಬೀದಿಗೆ ಗೊತ್ತು." ಚಿಕ್ಕಮ್ಮ ಅವಳ ತಲೆ ಸವರಿದಳು. "ಈಗೇನು ಮಾಡ್ತೀಯ?"

"ರಜಾ ಹಾಕ್ತೀನಿ. ಬಿಡುಗಡೆ ದಿನ ಹೋಗಿ ರಾಜೀನಾಮೆ ಕೊಡ್ತೀನಿ. ಕದ್ದು ಓಡಿಹೋಗಲ್ಲ ಈ ಸಲ. ಎಲ್ಲರ ಮುಂದೆ, ತಲೆ ಎತ್ತಿಕೊಂಡು."

*

ಬಿಡುಗಡೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಅದೇ ಉದ್ದನೆಯ ಮೇಜು, ಅದೇ ಹನ್ನೊಂದು ಜನ. ಅವಳು ಕೈಯಲ್ಲಿ ಲಕೋಟೆ ಹಿಡಿದು ಬಾಗಿಲಲ್ಲಿ ನಿಂತಳು. ಆ ಒಂದು ಮುಖದ ಕಡೆ ಮಾತ್ರ ನೋಡಲಿಲ್ಲ.

"ಆಮೇಲೆ, ಆಮೇಲೆ," ಅಂದರು ಮ್ಯಾನೇಜರ್. "ಗಿರಾಕಿಗಳೆಲ್ಲ ಫೋನಲ್ಲಿ ಕಾಯ್ತಿದ್ದಾರೆ. ಅದ್ಯಾವನೋ ಕೈಪಿಡಿಯಲ್ಲಿ ಕತ್ತರಿಗಳನ್ನ ವಾಪಸ್ ತುರುಕಿದ್ದಾನೆ. ಬೆಳಿಗ್ಗೆ ನಾನೇ ಕೂತು ಎಲ್ಲ ತೆಗೆದೆ."

ಅವಳ ಹುಬ್ಬು ಮೇಲೇರಿತು. ವಾಪಸ್? ಯಾರು?

ಮ್ಯಾನೇಜರ್ ಗುಂಡಿ ಒತ್ತಿದರು. ಪರದೆಯ ಮೇಲೆ ಹಸಿರು ಪಟ್ಟಿ ಮೆಲ್ಲಗೆ ಬೆಳೆಯಿತು. ಅರ್ಧಕ್ಕೆ ಬಂದು ಗಕ್ಕನೆ ನಿಂತಿತು.

'ಕತ್ತರಿ ಗುರುತಿಲ್ಲದ ಮೆಥಡ್‌ಗಳು: ನಲವತ್ತೊಂದು. ಬಿಡುಗಡೆ ಸಾಧ್ಯವಿಲ್ಲ.'

ಮತ್ತೆ ಒತ್ತಿದರು. ಮತ್ತೆ ಅದೇ.

"ಯಾರು ಮಾಡಿದ್ದು ಇದನ್ನ?" ಮ್ಯಾನೇಜರ್ ಮೇಜು ಗುದ್ದಿದರು.

"ನಾನೇ."

ಅದೇ ತುದಿಯಿಂದ, ಅದೇ ಒಂದು ಪದ. ಆದರೆ ಈ ಸಲ ಅವನು ಎದ್ದು ನಿಂತಿದ್ದ.

"ಕತ್ತರಿಗಳನ್ನ ಕೈಪಿಡಿಯ ಪುಟದಿಂದ ತೆಗೆದು ಮೆಥಡ್‌ಗಳ ಒಳಗೇ ಬರೆದೆ. ಕೈಪಿಡಿ ಈಗ ಅಲ್ಲಿಂದಲೇ ತಯಾರಾಗುತ್ತೆ. ನೀವು ಬೆಳಿಗ್ಗೆ ತೆಗೆದದ್ದೂ ಅಲ್ಲಿಂದಲೇ. ಕೊಟ್ಟದ್ದನ್ನ ಬದಲಾಯಿಸೋ ಮೆಥಡ್‌ಗೆ ಕತ್ತರಿ ಇಲ್ಲದಿದ್ರೆ ಭಾಷೆ ಬಿಡುಗಡೆ ಆಗೋದೇ ಇಲ್ಲ. ಇವತ್ತಲ್ಲ, ಯಾವತ್ತೂ."

"ನನ್ನ ಮಾತಿಗೆ ಬೆಲೆ ಇಲ್ವಾ? ಆ ತಪಾಸಣೆ ತೆಗೀರಿ ಮೊದಲು!"

"ತೆಗೆಯಲ್ಲ. ಒಂಬತ್ತು ವರ್ಷದ ಹಿಂದೆ ನಾನು ಒಂದು ಸಾಲು ಬರೆದೆ ಸರ್. ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ. ಮೂರನೇ ನಂಬರಿನ ಅಜ್ಜಿಯೊಬ್ರು ಇನ್ನೂರ ಒಂಬತ್ತನೇ ಜಾಗಕ್ಕೆ ಹೋದ್ರು. ತಪ್ಪು ನನ್ನದು, ಅವಮಾನ ಪಟ್ಟವರು ಇವರು. ಕೆಲಸ ಬಿಟ್ಟವರೂ ಇವರೇ. ಇನ್ನೊಬ್ಬರಿಗೆ ಹಾಗಾಗೋಕೆ ನಾನು ಬಿಡಲ್ಲ. ಬೇಕಾದ್ರೆ ನನ್ನನ್ನೂ ತೆಗೀರಿ."

ಆಫೀಸಿನಲ್ಲಿ ಯಾರೂ ಅವನ ಬಾಯಲ್ಲಿ ಒಟ್ಟಿಗೆ ಇಷ್ಟು ಸಾಲು ಕೇಳಿರಲಿಲ್ಲ!

ಅವನು ಸಾರ್ಟ್ ಮೆಥಡ್ ತೆರೆದು ಪರದೆಗೆ ಹಾಕಿದ. ಅವಳಿಗೆ ಗೊತ್ತಿಲ್ಲದ ಒಂದು ಉದಾಹರಣೆ ಅಲ್ಲಿತ್ತು. ಸರದಿಯಲ್ಲಿ ಕಾಯುವವರ ಪಟ್ಟಿ. ಮೊದಲು ಅದರ ಪ್ರತಿ ತೆಗೆದಿಡಬೇಕು, ಆಮೇಲೆ ಪ್ರತಿಯನ್ನು ಜೋಡಿಸಬೇಕು. ಕೊನೆಯಲ್ಲಿ ಮೂಲ ಪಟ್ಟಿಯ ಮೂರನೆಯವರು ಯಾರು ಎಂಬ ಪ್ರಶ್ನೆ. ಉತ್ತರ: 'ಅಜ್ಜಿ'.

ಮೂರನೇ ಜಾಗದಲ್ಲೇ ಇದ್ದರು ಅಜ್ಜಿ. ಯಾರೂ ಅವರನ್ನು ಕದಲಿಸುವಂತಿರಲಿಲ್ಲ.

ಅವಳ ಕಣ್ಣು ತುಂಬಿ ಬಂತು. ಲಕೋಟೆಯನ್ನು ಎಲ್ಲರ ಎದುರೇ ಎರಡು ತುಂಡು ಮಾಡಿದಳು.

"ನಾನೂ ತೆಗೆಯಲ್ಲ ಸರ್!"

"ಅದನ್ನ ತೆಗೆಯೋಕೆ ನನಗೂ ಬರಲ್ಲ ಸರ್," ಅಂದರು ಪರೀಕ್ಷಾ ವಿಭಾಗದ ಹಿರಿಯಾಕೆ, ಕಾಫಿ ಲೋಟದೊಳಗೆ ನಗುತ್ತಾ. ಬರುತ್ತಿತ್ತು ಅವರಿಗೆ, ಚೆನ್ನಾಗಿಯೇ ಬರುತ್ತಿತ್ತು. ಉಳಿದವರೂ ಒಬ್ಬೊಬ್ಬರಾಗಿ ತಲೆ ಅಲ್ಲಾಡಿಸಿದರು.

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮ್ಯಾನೇಜರ್ ಎಲ್ಲರ ಮುಖವನ್ನೂ ನೋಡಿ ಕುರ್ಚಿಗೆ ಕುಸಿದರು.

"ಹಾಳಾಗಿ ಹೋಗ್ಲಿ... ನಿಮ್ಮ ಕತ್ತರಿ ಸಮೇತ ಬಿಡುಗಡೆ ಮಾಡಿ!"

*

ಮಧ್ಯಾಹ್ನ ಅವನು ಅಂಗಡಿಗೆ ಬಂದಾಗ ಕೈಯಲ್ಲಿ ಶರ್ಟು ಇರಲಿಲ್ಲ. ಚಿಕ್ಕಮ್ಮ ಒಮ್ಮೆ ಅವನನ್ನೂ ಒಮ್ಮೆ ಇವಳನ್ನೂ ನೋಡಿ, "ದಾರ ಮುಗಿದಿದೆ, ತರ್ತೀನಿ," ಎಂದು ಎದ್ದಳು. ಕಪಾಟಿನಲ್ಲಿ ಅರವತ್ತು ಬಣ್ಣದ ದಾರವಿತ್ತು.

"ಒಂದು ಮಾತು ಹೇಳೋಕೆ ಆಗ್ತಿರಲಿಲ್ವಾ ನಿಮಗೆ?" ಅವಳು ಹರಿಹಾಯ್ದಳು. "ತೆಗೆಯಲಾಗಿದೆ ಅಂತೆ! ತೆಗೆದು ಎಲ್ಲಿಗೆ ಹಾಕಿದ್ರಿ ಅಂತ ಬರೆಯೋಕೇನು ಕಷ್ಟ? ಹತ್ತು ದಿನ ಅತ್ತಿದ್ದೀನಿ ನಾನು!"

"ಬರೆದಿದ್ರೆ ಮ್ಯಾನೇಜರ್ ಓದ್ತಿದ್ರು. ನಿಮಗೆ ಹೇಳಿದ್ರೆ, ನಾಳೆ ಏನಾದ್ರೂ ಆದ್ರೆ ನಿಮ್ಮ ತಲೆಗೂ ಬರುತ್ತಿತ್ತು..."

"ನನ್ನ ತಲೆ ನಾನು ನೋಡ್ಕೋತೀನಿ! ಇನ್ಮೇಲೆ ನನ್ನನ್ನ ಕಾಪಾಡೋದಾದ್ರೆ ನನಗೆ ಹೇಳಿ ಕಾಪಾಡಿ."

"ಆಯ್ತು."

ಅವಳು ಸ್ವಲ್ಪ ತಗ್ಗಿದಳು. "ನಂದೂ ತಪ್ಪಿದೆ. ಕೆಂಪು ನೋಡಿ ಹೊರಟುಬಿಟ್ಟೆ. ಹಸಿರು ಬೇರೆ ಕಡೆ ಇತ್ತು. ಎಲ್ಲರಿಗೂ 'ಪೂರ್ತಿ ಓದಿ' ಅಂತ ಪಾಠ ಹೇಳೋಳು, ನಾನೇ ಪೂರ್ತಿ ಓದಲಿಲ್ಲ."

ಅವನು ಮಿಷನ್ ಪಕ್ಕದ ಸ್ಟೂಲಿನ ಮೇಲೆ ಕೂತ. ಕಿವಿ ಕೆಂಪಾಗಿತ್ತು.

"ನಾನು ನಿಮ್ಮನ್ನ ಪ್ರೀತಿಸ್ತೀನಿ," ಅಂದ.

ಅವಳು ಸೋಲಲಿಲ್ಲ ನೋಡಿ, ಗದ್ದ ಎತ್ತಿದಳು.

"ಉದಾಹರಣೆ ಕೊಡಿ."

"ಕೊಡ್ತೀನಿ. ಒಟ್ಟು ಏಳು ಗುಂಡಿ ನಾನೇ ಕತ್ತರಿಸಿಕೊಂಡು ಬಂದಿದ್ದೀನಿ. ಮನೇಲಿ ಅಕ್ಕ ಕೇಳಿದ್ಲು, ನಿನ್ನ ಶರ್ಟುಗಳಿಗೇನು ಇಲಿ ಬಿದ್ದಿದೆಯಾ ಅಂತ. ನೀವಿಲ್ಲದ ಈ ಹತ್ತು ದಿನ ಕಿಟಕಿ ಪಕ್ಕ ಕೂತು ಒಬ್ಬನೇ 'ಉದಾಹರಣೆ ಕೊಡಿ' ಅಂತ ಗೊಣಗಿಕೊಂಡು ಬರೆದೆ. ನಿಮ್ಮ ಪೆನ್ನಿನ ಮುಚ್ಚಳ ಬಿಟ್ಟು ಹೋಗಿದ್ರಿ, ಇಲ್ಲಿದೆ ನೋಡಿ, ಜೇಬಲ್ಲಿ. ಮೊದಲು ನಾನು ಒಂದು ಸಾಲು ಬರೆದು ಮನೆಗೆ ಹೋಗಿ ನಿದ್ದೆ ಮಾಡ್ತಿದ್ದೆ. ಈಗ ಬರೆದದ್ದನ್ನೆಲ್ಲ ನಿಮ್ಮ ಚಿಕ್ಕಮ್ಮ ಒಪ್ತಾರಾ ಅಂತ ಯೋಚನೆ ಮಾಡ್ತೀನಿ." ಅವನು ಉಸಿರು ತೆಗೆದುಕೊಂಡ. "ನಿಮ್ಮ ತಲೆ ಮೇಲೂ ಒಂದು ಕತ್ತರಿ ಗುರುತು ಇರಬೇಕಿತ್ತು ಕಣ್ರೀ. ನನ್ನ ಮೂಲವನ್ನೇ ಬದಲಾಯಿಸಿಬಿಟ್ರಿ. ಹಳೇ ನಾನು ಹೇಗಿದ್ದೆ ಅಂತ ನೋಡೋಕೆ ಎಲ್ಲೂ ಒಂದು ಪ್ರತಿಯೂ ಉಳಿದಿಲ್ಲ."

ಅವಳ ಕಣ್ಣಿನಿಂದ ನೀರು ಇಳಿಯಿತು. ಕೋಪದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವಳು ಅವನ ಜೇಬಿಗೆ ಕೈ ಹಾಕಿ ಮುಚ್ಚಳ ತೆಗೆದುಕೊಂಡಳು. ಆಮೇಲೆ ಆ ಕೈಯನ್ನು ಅವನ ಕೈಯಲ್ಲಿಟ್ಟಳು.

"ನಾನೂ ನಿನ್ನನ್ನ ಪ್ರೀತಿಸ್ತೀನಿ," ಅಂದಳು. 'ನೀವು' ಹೋಗಿ 'ನೀನು' ಬಂದಿದ್ದನ್ನು ಅವನು ಗಮನಿಸಿದ.

"ಅಷ್ಟೇನಾ? ಒಂದೇ ಸಾಲಾ?"

"ಹೂಂ, ಒಂದೇ ಸಾಲು. ಉದಾಹರಣೆಗಳನ್ನ ಬರ್ತಾ ಬರ್ತಾ ಕೊಡ್ತೀನಿ, ಜೊತೇಲೇ ಇರು."